ಚಿತ್ರದೊಳಗೆ ನೋಡುವ ಹಕ್ಕು ಯಾರದು?

ಚಿತ್ರ ನೋಡುತ್ತಿರುವವರನ್ನೇ ಚಿತ್ರವಾಗಿ ಬರೆಯುವ ಪದ್ಧತಿ ಬಹಳ ಹಳೆಯದು. ಬಾದಶಹನೊಬ್ಬ ತಂದೆಯ ಭಾವಚಿತ್ರವನ್ನು ಕೈಯಲ್ಲಿ ಹಿಡಿದು ನಿಂತಿರುತ್ತಾನೆ. ಸಿರಿವಂತರ ಗುಂಪೊಂದು ಗ್ಯಾಲರಿಯಲ್ಲಿ ನೆರೆದು ಚರ್ಚೆ ನಡೆಸಿರುತ್ತದೆ. ಗುಡಿ ಕಟ್ಟಿಸಿದವನು ಪರಿವಾರ ಸಮೇತ ದೇವರ ಮುಂದೆ ಕೈಮುಗಿದಿರುತ್ತಾನೆ. ಕಲಾವಿದರು ತಮ್ಮೊಳಗೇ ಆಡಿಕೊಳ್ಳುವ ಆಟವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಯಾರನ್ನು ನೋಡುವವರಾಗಿ ಬರೆಯುತ್ತೇವೆ, ಯಾರನ್ನು ಬರೀ ನೋಡಿಸಿಕೊಳ್ಳುವವರಾಗಿ ಬರೆಯುತ್ತೇವೆ ಎಂಬುದರಲ್ಲಿ ಒಂದು ತೀರ್ಪು ಅಡಗಿರುತ್ತದೆ. ಬುದ್ಧಿ, ಅಭಿರುಚಿ, ಇದು ಸರಿ ಇದು ತಪ್ಪು ಎಂದು ಹೇಳುವ ಅಧಿಕಾರ ಯಾರಿಗಿದೆ ಎಂಬ ತೀರ್ಪು ಅದು. ಈ ಮಾತನ್ನು ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್ ಮತ್ತು ಬಂಗಾರಪೇಟೆಯ ವಿಷಯದಲ್ಲಿ ಈಗಲೇ ಎತ್ತಬೇಕಾದ ಕಾರಣವಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ನೂರಿಪ್ಪತ್ತು ವರ್ಷ ಚಿನ್ನ ಕೊಟ್ಟ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಊರಿನ ಗುರುತಾಗಿ ಉಳಿದ ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಹದಿಮೂರು ದಿಬ್ಬಗಳು, ಸುಮಾರು 3.3 ಕೋಟಿ ಟನ್ ಮಣ್ಣು. ಅದು ಕರಗುತ್ತ ಹೋದಂತೆ ಕೆಜಿಎಫ್ ಎಂಬುದು ಮುಂದಿನ ಪೀಳಿಗೆಗೆ ಹೆಚ್ಚುಹೆಚ್ಚಾಗಿ ಚಿತ್ರಗಳಲ್ಲೇ ಸಿಗುತ್ತದೆ. ಆ ಚಿತ್ರಗಳಲ್ಲಿ ಗಣಿಯ ಜನ ಏನು ಮಾಡುತ್ತಿರಬೇಕು ಎಂಬುದು ನನ್ನ ಪ್ರಶ್ನೆ. ಅವರು ನೋಡುತ್ತಿರಬೇಕು ಎಂಬುದು ನನ್ನ ವಾದ.

ನೋಡುವವರ ಚಿತ್ರಗಳ ಚರಿತ್ರೆಯನ್ನು ತೆಗೆದು ನೋಡಿದರೆ ಅಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಯಾರಿಲ್ಲ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ. ಅಬುಲ್ ಹಸನ್ ಬರೆದ ಪ್ರಸಿದ್ಧ ಚಿತ್ರದಲ್ಲಿ ಜಹಾಂಗೀರ್ ಅಕ್ಬರನ ಭಾವಚಿತ್ರವನ್ನು ಹಿಡಿದಿದ್ದಾನೆ. ಸಿಂಹಾಸನಕ್ಕೆ ತಾನೇ ವಾರಸುದಾರ ಎಂದು ಸಾರುವ ನೋಟ ಅದು. ಜೊಫಾನಿ ಎಂಬ ಜರ್ಮನ್ ಮೂಲದ ಚಿತ್ರಕಾರ ಇಂಗ್ಲೆಂಡಿನ ರಾಣಿ ಶಾರ್ಲಟ್‌ಗಾಗಿ 1772ರಿಂದ 1777ರವರೆಗೆ ಫ್ಲಾರೆನ್ಸ್‌ನ ಉಫೀಜಿ ಸಂಗ್ರಹಾಲಯದ ಒಂದು ಕೋಣೆಯನ್ನು ಬರೆದ. ಟಿಶಿಯನ್ನನ ವೀನಸ್ ಸುತ್ತ ಗುಂಪುಗೂಡಿ ಪರೀಕ್ಷಿಸುತ್ತಿರುವವರಲ್ಲಿ ಹೆಚ್ಚಿನವರು ಬ್ರಿಟನ್ನಿನ ಸಿರಿವಂತ ಗಂಡಸರು. ಗೋಡೆಯ ಮೇಲೆ ಹೆಂಗಸರಿದ್ದಾರೆ, ನೋಡುವವರ ನಡುವೆ ಒಬ್ಬಳೂ ಇಲ್ಲ. ಅದೇ ಜೊಫಾನಿ 1783ರಲ್ಲಿ ಭಾರತಕ್ಕೆ ಬಂದು, ಲಖನೌದಲ್ಲಿ ಕರ್ನಲ್ ಪೋಲಿಯರ್ ಮತ್ತವನ ಗೆಳೆಯರನ್ನು ಬರೆದ. ಈಗ ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿರುವ ಆ ಚಿತ್ರದಲ್ಲಿ ಕ್ಲಾಡ್ ಮಾರ್ಟಿನ್ ತನ್ನ ಮನೆಯ ಚಿತ್ರವನ್ನು ಗೆಳೆಯನಿಗೆ ತೋರಿಸುತ್ತಿದ್ದಾನೆ, ಜೊಫಾನಿ ತಾನೇ ಕುಂಚ ಹಿಡಿದು ಕೂತಿದ್ದಾನೆ. ಅಲ್ಲಿರುವ ಭಾರತೀಯರ ಕೆಲಸ ಹಣ್ಣು ತರಕಾರಿ ತಂದು ಒಪ್ಪಿಸುವುದು, ಕರೆದಾಗ ಒದಗುವುದು. ಒಂದೇ ಕೋಣೆ, ಅದೇ ಬೆಳಕು, ಗೋಡೆಯಲ್ಲಿ ಅವೇ ಚಿತ್ರಗಳು. ಆದರೆ ನೋಡುವ ಕಣ್ಣನ್ನು ಚಿತ್ರಕಾರ ಕೆಲವರಿಗಷ್ಟೇ ಕೊಟ್ಟ.

ಇದು ಪರದೇಶಿಗಳ ಮತ್ತು ಬಾದಶಹರ ರೋಗ ಎನ್ನುವಂತಿಲ್ಲ. ಕೋಲಾರ ಸೀಮೆಯ ಗಡಿಯಾಚೆ, ಹಿಂದೂಪುರದ ಬಳಿಯ ಲೇಪಾಕ್ಷಿಗೆ ಹೋಗಿ ವೀರಭದ್ರ ಗುಡಿಯ ಮಂಟಪದಲ್ಲಿ ತಲೆ ಎತ್ತಿದರೆ, ವಿಜಯನಗರ ಕಾಲದ ಚಾವಣಿ ಚಿತ್ರದಲ್ಲಿ ಗುಡಿ ಕಟ್ಟಿಸಿದ ವಿರೂಪಣ್ಣ, ವೀರಣ್ಣ ಸಹೋದರರು ಉದ್ದನೆಯ ಕುಲಾವಿ ತೊಟ್ಟು, ಪರಿವಾರದೊಡನೆ ದೇವರ ಸನ್ನಿಧಿಯಲ್ಲಿ ನಿಂತಿರುವುದು ಕಾಣುತ್ತದೆ. ಬಟ್ಟೆಯ ಅಂಚು, ಒಡವೆ, ಮಡಿಕೆ ಎಲ್ಲವನ್ನೂ ಚಿತ್ರಕಾರ ಆಸ್ಥೆಯಿಂದ ಬರೆದಿದ್ದಾನೆ. ಕಲ್ಲು ಹೊತ್ತವರು, ಬಣ್ಣ ಅರೆದವರು ಅಲ್ಲಿಲ್ಲ. ಖರ್ಚು ಕೊಟ್ಟವನಿಗೆ ಕಣ್ಣು ಸಿಕ್ಕಿತು. ಆದರೆ ನಮ್ಮಲ್ಲೇ ಇದಕ್ಕೆ ಎದುರಾದ ಇನ್ನೊಂದು ಪರಂಪರೆಯೂ ಇದೆ, ಅದೂ ಕೋಲಾರ ಜಿಲ್ಲೆಯ ಹೊಲದ ಬದು, ಕೆರೆ ಏರಿಗಳ ಮೇಲೇ ಇದೆ. ಗಂಗರ, ನೊಳಂಬರ ಕಾಲದಿಂದ ಈ ನೆಲದಲ್ಲಿ ನಿಂತ ವೀರಗಲ್ಲುಗಳನ್ನು ಗಮನವಿಟ್ಟು ನೋಡಿ. ಮೂರು ಪಟ್ಟಿಕೆಗಳ ವೀರಗಲ್ಲಾದರೆ ಕೆಳಗಿನದರಲ್ಲಿ ಕಾಳಗ. ಬಿಲ್ಲು, ಕತ್ತಿ, ಕೆಲವೆಡೆ ಹಿಡಿದೊಯ್ಯುತ್ತಿರುವ ದನಗಳ ಸಾಲು. ನಡುವೆ ಅಪ್ಸರೆಯರು ಸತ್ತ ವೀರನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ, ಪಕ್ಕದಲ್ಲಿ ಪೂಜಾರಿ, ನಂದಿ. ಎಷ್ಟೋ ಕಡೆ ಊರ ದನ ಉಳಿಸಲು ಸತ್ತ ಸಾಮಾನ್ಯ ಮನುಷ್ಯ ಆತ. ಕಲ್ಲು ಕೆತ್ತಿದವನು ಅವನ ಕೊನೆಯ ಚಿತ್ರವನ್ನು ಗಾಯದಲ್ಲಿ ಮುಗಿಸಲಿಲ್ಲ, ನೋಟದಲ್ಲಿ ಮುಗಿಸಿದ. ದುಡಿದು ಸತ್ತವನ ಅತ್ಯುನ್ನತ ಸ್ಥಿತಿ ಎಂದರೆ ನಿರಾತಂಕವಾಗಿ ಕೂತು ನೋಡುವುದು ಎಂದು ಸಾವಿರ ವರ್ಷದ ಹಿಂದೆಯೇ ನಮ್ಮ ಕಲ್ಲುಕುಟಿಗರು ತಿಳಿದಿದ್ದರು. ಗಣಿಯ ಚಿತ್ರ ಬರೆಯುವವರು ಲೇಪಾಕ್ಷಿಯ ಚಾವಣಿಗಿಂತ ಈ ಕಲ್ಲುಗಳಿಂದ ಕಲಿಯುವುದು ಜಾಸ್ತಿ ಇದೆ.

ಗಣಿಯ ಮನುಷ್ಯನನ್ನು ಕಳೆದ ನೂರು ವರ್ಷ ಹೇಗೆ ನೋಡಲಾಯಿತು ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದು ಲೈನ್ ಮನೆಗಳಲ್ಲಿ ನೆಲೆಸಿದ, ಬಹುಪಾಲು ದಲಿತರಾದ ಕಾರ್ಮಿಕರ ಮೇಲೆ ಕಂಪನಿಯ ಕಣ್ಣು ಸದಾ ಇತ್ತು. ಪಾಳಿ ಮುಗಿಸಿ ಶಾಫ್ಟ್‌ನಿಂದ ಮೇಲೆ ಬಂದವರನ್ನು, ಚಿನ್ನದ ಚೂರು ಬಚ್ಚಿಟ್ಟಿದ್ದಾರೆಯೇ ಎಂದು ಮೈಯೆಲ್ಲ ತಪಾಸಣೆ ಮಾಡಿಯೇ ಬಿಡುತ್ತಿದ್ದರು. 1930ರಲ್ಲಿ ಕಾರ್ಮಿಕರು ಹೂಡಿದ ದೊಡ್ಡ ಮುಷ್ಕರಕ್ಕೆ ಕಾರಣ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ. ಕೂಲಿಯ ಲೆಕ್ಕಕ್ಕಿಂತ ಮುಂಚೆ, ತಮ್ಮನ್ನು ಕಳ್ಳರ ಹಾಗೆ ಗುರುತು ಹಾಕಿಡುವುದನ್ನು ಅವರು ಒಪ್ಪಲಿಲ್ಲ. ಸಿಲಿಕಾ ದೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ಹಿಡಿದಾಗ ಎಕ್ಸ್‌ರೇ ಹಾಳೆಯಲ್ಲಿ ಅವರ ಎದೆಯ ಒಳಗನ್ನೂ ನೋಡಿದರು. ಇನ್ನು ಫೋಟೊಗಳಲ್ಲಿ ಅವರು ಶಾಫ್ಟ್‌ನ ಬಾಯಲ್ಲಿ, ಕೇಜ್‌ನೊಳಗೆ, ಕೈಯಲ್ಲಿ ಡ್ರಿಲ್ ಹಿಡಿದು, ಯಂತ್ರದ ಗಾತ್ರ ತಿಳಿಯಲೆಂದು ನಿಂತಂತೆ ನಿಂತಿರುತ್ತಾರೆ. ನಾವು ಕೆಜಿಎಫ್ ಕಥೆ ಹೇಳುವ ರೀತಿಯೂ ಇದೇ ಜಾಡಿನದು. ಸುಮಾರು 800 ಟನ್ ಚಿನ್ನ, ಚಾಂಪಿಯನ್ ರೀಫ್‌ನ 3 ಕಿಲೋಮೀಟರಿಗೂ ಮೀರಿದ ಆಳ, 1902ರಲ್ಲಿ ಬೆಂಗಳೂರಿಗಿಂತ ಮೊದಲೇ ಶಿವನಸಮುದ್ರದಿಂದ ಬಂದ ವಿದ್ಯುತ್. ಎಲ್ಲವೂ ನಿಜ, ಎಲ್ಲವೂ ಹೆಮ್ಮೆಯದು. ಆದರೆ ಈ ವರ್ಣನೆಯಲ್ಲಿ ಮನುಷ್ಯ ಅಳತೆಗೋಲಾಗಿ ಮಾತ್ರ ಉಳಿದ.

ಸಿನಿಮಾ ಇದನ್ನು ಬದಲಿಸಲಿಲ್ಲ. ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ಮೊದಲ ಭಾಗ 2018ರಲ್ಲಿ, ಎರಡನೆಯದು 2022ರಲ್ಲಿ ಬಂದು ಊರಿನ ಹೆಸರನ್ನು ಜಗತ್ತಿಗೆ ಮುಟ್ಟಿಸಿದವು. ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣವೂ ನಡೆಯಿತು. ಅದರ ನರಾಚಿ ಕಲ್ಪನೆಯ ಊರು, ಕಲ್ಪನೆಯ ಸ್ವಾತಂತ್ರ್ಯ ಸಿನಿಮಾಕ್ಕೆ ಇರಲೇಬೇಕು. ನನ್ನ ತಕರಾರು ಒಂದೇ ಬಿಂದುವಿನ ಮೇಲೆ. ಆ ಚಿತ್ರದಲ್ಲಿ ಗಣಿಯ ಜನ ನೋಡುತ್ತಾರೆ ನಿಜ, ಆದರೆ ನಾಯಕನನ್ನು ನೋಡುತ್ತಾರೆ, ಬೆರಗಾಗಿ ನೋಡುತ್ತಾರೆ, ತಮ್ಮನ್ನು ಬಿಡಿಸಲು ಬಂದವನೆಂದು ನೋಡುತ್ತಾರೆ. ಬೆರಗಿನ ನೋಟ ಬೇರೆ, ತೂಗಿ ನೋಡುವ ನೋಟ ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು. ಬೆರಳಚ್ಚಿನ ನಿಯಮವನ್ನು ಓದಿ ಇದರ ಅರ್ಥ ಏನೆಂದು ತಿಳಿದು ಕೆಲಸ ನಿಲ್ಲಿಸಿದ ಜನರಿಗೆ ಬಿಡಿಸಲು ಬರುವವನಿಗಾಗಿ ಕಾಯುವ ಕಣ್ಣುಗಳನ್ನು ಕೊಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಪರದೆಯ ಮೇಲೆ ಒಂದು ಸಲ ಆದದ್ದು ಊರಿನ ಗೋಡೆಗಳ ಮೇಲೂ ಆಗಬಾರದು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಗಣಿಯವರನ್ನು ಕಲೆಯ ನೋಡುಗರಾಗಿ ಬರೆಯುವುದು ಸುಳ್ಳಾಗುವುದಿಲ್ಲವೇ? ಅವರು ಯಾವ ಗ್ಯಾಲರಿಗೆ ಹೋಗಿದ್ದರು, ದುಡಿಮೆಯೇ ಅವರ ಘನತೆಯಲ್ಲವೇ, ಹಾರೆ ಕಿತ್ತುಕೊಂಡು ಕೈಗೆ ಚಿತ್ರ ಕೊಟ್ಟರೆ ಅವರನ್ನು ಇನ್ನಾರೋ ಮಾಡಿದಂತಾಗುವುದಿಲ್ಲವೇ? ಈ ಪ್ರಶ್ನೆಯೊಳಗೆ ನೋಟವೆಂದರೆ ಗ್ಯಾಲರಿಯ ನೋಟ ಎಂಬ ನಂಬಿಕೆ ಇದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಮದರಾಸಿನಲ್ಲಿ ಅಯೋತಿದಾಸ ಪಂಡಿತರು 1898ರಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ಅವರು 1907ರಲ್ಲಿ ಆರಂಭಿಸಿದ ‘ತಮಿಳನ್’ ವಾರಪತ್ರಿಕೆಗೆ ಗಣಿಯ ಲೈನ್‌ಗಳಲ್ಲಿ ಓದುಗರಿದ್ದರು. ಪಂಡಿತರು ತೀರಿಕೊಂಡ ಮೇಲೆ 1920ರ ದಶಕದಲ್ಲಿ ಆ ಪತ್ರಿಕೆ ಮತ್ತೆ ಹೊರಟದ್ದು ಕೆಜಿಎಫ್‌ನಿಂದಲೇ. ಪಂಡಿತರ ಪುಸ್ತಕಗಳನ್ನು ಅಚ್ಚು ಹಾಕಿಸಿದ ಸಿದ್ಧಾರ್ಥ ಪುಸ್ತಕ ಶಾಲೆ ಇದ್ದದ್ದೂ ಇಲ್ಲೇ. ಪಾಳಿಯ ಕೆಲಸ ಮುಗಿಸಿ ಬುದ್ಧನ ಬಗ್ಗೆ ವಾದ ಮಾಡುತ್ತಿದ್ದ, ಪತ್ರಿಕೆಗೆ ಕಾಸು ಕೂಡಿಸುತ್ತಿದ್ದ ಜನರ ಮನೆಗೋಡೆಯ ಮೇಲೆ ಯಾವ ಚಿತ್ರ ಇರಬೇಕು ಎಂಬುದು ಸಣ್ಣ ವಿಷಯವಾಗಿರಲಿಲ್ಲ. ಬುದ್ಧ, ಅಂಬೇಡ್ಕರ್, ಮೇರಿ ಮಾತೆ, ಮುರುಗ, ಇವರಲ್ಲಿ ಯಾರು ಯಾವ ಮನೆಯ ಮೊಳೆಗೆ ಏರಿದರು ಎಂಬುದೇ ಆ ಮನೆಯ ವಿಚಾರವನ್ನು ಹೇಳುತ್ತಿತ್ತು. ಹೊಸ ಪಟ ತಂದಾಗ ಮನೆಮಂದಿ ಅದನ್ನು ಎತ್ತಿ ಹಿಡಿದು ನೋಡಿ, ಎಲ್ಲಿ ಹಾಕುವುದೆಂದು ಮಾತಾಡುವ ಗಳಿಗೆ ಜೊಫಾನಿಯ ಉಫೀಜಿಗೆ ಯಾವ ವಿಧದಲ್ಲೂ ಕಡಿಮೆಯದಲ್ಲ.

ಅದರ ಮೇಲೆ, ನೋಡುವುದು ಗಣಿಯವರ ಕಸುಬೇ ಆಗಿತ್ತು. ಕೋಲಾರದ ಚಿನ್ನ ಹೊಳೆಯುವ ಗಟ್ಟಿಯಾಗಿ ಸಿಕ್ಕಿದ್ದಲ್ಲ. ಕಪ್ಪನೆಯ ಹಾರ್ನ್‌ಬ್ಲೆಂಡ್ ಶಿಸ್ಟ್ ಬಂಡೆಯ ನಡುವೆ ಓರೆಯಾಗಿ ಇಳಿದ ಬೆಣಚುಕಲ್ಲಿನ ಪದರದಲ್ಲಿ ಅದು ಬೆರೆತಿತ್ತು. ತಲೆಯ ದೀಪದ ಬೆಳಕಿನಲ್ಲಿ ಪದರ ಎಲ್ಲಿ ಸಣ್ಣಗಾಯಿತು, ಎಲ್ಲಿ ಮಡಿಸಿಕೊಂಡಿತು, ಯಾವ ಬಿರುಕು ಅಪಾಯದ್ದು ಎಂಬುದನ್ನು ಕಣ್ಣಿನಿಂದಲೇ ಓದಬೇಕಿತ್ತು. ತಪ್ಪಿದರೆ ಬಂಡೆ ಸಿಡಿದು ಪ್ರಾಣ ಹೋಗುತ್ತಿತ್ತು. ಬಣ್ಣದ ಒಂದೊಂದು ಛಾಯೆಗೂ ಅರ್ಥವಿದ್ದ ಲೋಕದಲ್ಲಿ ಪಳಗಿದ ಕಣ್ಣು ಅದು. ಇಂಥವರಿಗೆ ಚಿತ್ರ ತಿಳಿಯುವುದಿಲ್ಲ ಎನ್ನುವವರು ಚಿತ್ರವನ್ನೂ ತಿಳಿದಿಲ್ಲ, ಗಣಿಯನ್ನೂ ತಿಳಿದಿಲ್ಲ.

ತಮ್ಮದೇ ಬದುಕಿನ ಚಿತ್ರವನ್ನು ಜನ ನೋಡುವಾಗ ಏನು ನಡೆಯುತ್ತದೆ ಎಂಬುದನ್ನು ಭವಭೂತಿ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿ ತೋರಿಸಿಕೊಟ್ಟಷ್ಟು ಚೆನ್ನಾಗಿ ಇನ್ಯಾರೂ ತೋರಿಸಿಲ್ಲ ಎಂದೇ ನನ್ನ ಎಣಿಕೆ. ರಾಮ, ಸೀತೆ, ಲಕ್ಷ್ಮಣ ಮೂವರೂ ತಮ್ಮ ಕಳೆದ ಬದುಕನ್ನು ಬರೆಸಿದ ಚಿತ್ರಗಳ ಮುಂದೆ ನಿಂತಿದ್ದಾರೆ. ಲಕ್ಷ್ಮಣ ಒಂದೊಂದನ್ನೇ ತೋರಿಸಿ ವಿವರಿಸುತ್ತಾನೆ. ಮದುವೆಯ ಚಿತ್ರ ಬಂದಾಗ ಸೀತೆ, ಮಾಂಡವಿ, ಶ್ರುತಕೀರ್ತಿಯರನ್ನು ಹೆಸರಿಸಿ ಮುಂದೆ ಹೋಗಿಬಿಡುತ್ತಾನೆ. ಸೀತೆ ಬಿಡುವುದಿಲ್ಲ. ಈ ಇನ್ನೊಬ್ಬಳು ಯಾರಪ್ಪ ಎಂದು ಊರ್ಮಿಳೆಯ ಮೇಲೆ ಬೆರಳಿಡುತ್ತಾಳೆ. ಲಕ್ಷ್ಮಣ ನಾಚಿ ಪರಶುರಾಮನ ಚಿತ್ರದ ಕಡೆ ಮಾತು ತಿರುಗಿಸುತ್ತಾನೆ. ಮಂಥರೆಯ ಚಿತ್ರ ಬಂದಾಗ ರಾಮ ಉತ್ತರಿಸದೆ ಮುಂದಿನದನ್ನು ತೋರಿಸುತ್ತಾನೆ, ಮನೆಯ ಹಳೆಯ ಗಾಯವನ್ನು ಕೆದಕುವುದು ಅವನಿಗೆ ಬೇಡ. ಶೂರ್ಪಣಖಿಯನ್ನು ಕಂಡು ಸೀತೆ ಬೆದರುತ್ತಾಳೆ, ಇದು ಬರೀ ಚಿತ್ರ ಎಂದು ರಾಮ ಸಮಾಧಾನ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ, ಸೀತೆಯನ್ನು ಕಳಕೊಂಡ ದಿನಗಳ ಚಿತ್ರದ ಮುಂದೆ ಅವನ ಕಣ್ಣೇ ತುಂಬುತ್ತದೆ. ಇಷ್ಟು ಸಣ್ಣ ದೃಶ್ಯದಲ್ಲಿ ನೋಡುಗರು ಮರೆತವಳನ್ನು ನೆನಪಿಸುತ್ತಾರೆ, ಹೇಳಬಾರದ್ದನ್ನು ದಾಟಿಸುತ್ತಾರೆ, ಹೆದರುತ್ತಾರೆ, ಅಳುತ್ತಾರೆ. ಚಿತ್ರ ಬರೆದವನಿಗಾಗಲಿ ವಿವರಿಸುವವನಿಗಾಗಲಿ ಇವರ ಮೇಲೆ ಹಿಡಿತವಿಲ್ಲ. ಕೆಜಿಎಫ್‌ನ ಗೋಡೆಯ ಮೇಲೆ ಗಣಿಯ ಚಿತ್ರವನ್ನು ನೋಡುತ್ತಿರುವ ಹಳೆಯ ಕಾರ್ಮಿಕರನ್ನು ಬರೆದರೆ ಅದರಲ್ಲೂ ಇಂಥ ಜೀವ ಇರಬೇಕು. ಒಬ್ಬ ಬೆರಳಿಟ್ಟು ಶಾಫ್ಟ್‌ನ ಹೆಸರು ಹೇಳುತ್ತಿರಲಿ, ಇನ್ನೊಬ್ಬ ತಲೆ ಅಲ್ಲಾಡಿಸಿ ಅಲ್ಲವೆನ್ನಲಿ, ಮಿಲ್ಲಿನ ದೂಳಿನಲ್ಲಿ ಗಂಡನನ್ನು ಕಳಕೊಂಡವಳು ಅದನ್ನು ನೋಡಲಾರೆನೆಂದು ಮುಖ ತಿರುಗಿಸಿರಲಿ.

ಗಣಿ ಕಾರ್ಮಿಕರು ನೋಡುಗರಾದಾಗ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಆಷಿಂಗ್ಟನ್ ಸಾಕ್ಷಿ ಇದೆ. ಅಲ್ಲಿನ ಕಲ್ಲಿದ್ದಲು ಗಣಿಯವರು 1934ರಲ್ಲಿ ಸಂಜೆ ತರಗತಿ ಕಟ್ಟಿಕೊಂಡು ಕಲೆಯನ್ನು ತಿಳಿಯಬೇಕೆಂದು ರಾಬರ್ಟ್ ಲಯನ್ ಎಂಬ ಮೇಷ್ಟರನ್ನು ಕರೆಸಿಕೊಂಡರು. ಇಟಲಿಯ ಮಹಾನ್ ಚಿತ್ರಗಳ ಸ್ಲೈಡುಗಳನ್ನು ತೋರಿಸಿ ಪಾಠ ಮಾಡಿದರೆ ಯಾರಿಗೂ ರುಚಿಸಲಿಲ್ಲ. ನೀವೇ ಬರೆಯಿರಿ, ಬರೆದದ್ದನ್ನು ಒಟ್ಟಿಗೆ ನೋಡೋಣ ಎಂದು ಲಯನ್ ದಾರಿ ಬದಲಿಸಿದರು. ವಾರವಾರ ಒಬ್ಬರ ಚಿತ್ರವನ್ನು ಉಳಿದವರು ಬಿಚ್ಚುಮನಸ್ಸಿನಿಂದ ಟೀಕಿಸುತ್ತಿದ್ದರು. ಹದಿಮೂರನೆಯ ವಯಸ್ಸಿಗೇ ಗಣಿಗಿಳಿದಿದ್ದ ಆಲಿವರ್ ಕಿಲ್‌ಬರ್ನ್ ಅಂಥವರು ಜೀವನಪೂರ್ತಿ ಬರೆದರು. ಅವರ ಚಿತ್ರಗಳು ಇವತ್ತು ಆಷಿಂಗ್ಟನ್ ಹತ್ತಿರದ ವುಡ್‌ಹಾರ್ನ್‌ನಲ್ಲಿ, ಹಳೆಯ ಗಣಿಯ ಆವರಣದ ಸಂಗ್ರಹಾಲಯದಲ್ಲೇ ಇವೆ. ಹೊರಗಿನ ಚಿತ್ರಕಾರ ಬಂದಿದ್ದರೆ ಬಹುಶಃ ಕಪ್ಪಾದ ಮುಖ, ಬಾಗಿದ ಬೆನ್ನನ್ನಷ್ಟೇ ಬರೆಯುತ್ತಿದ್ದ. ಗಣಿಯವರು ಅದರ ಜೊತೆಗೆ ನಾಯಿ ಸಾಕುವುದನ್ನು, ಮನೆಯ ಒಲೆಯನ್ನು, ಬಿಡುವಿನ ವೇಳೆಯನ್ನು ಬರೆದರು.

ಇನ್ನೆರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ವೀರಗಲ್ಲಿನಲ್ಲಿ, ಲೇಪಾಕ್ಷಿಯಲ್ಲಿ ಇರುವುದು ದರ್ಶನ, ಅದನ್ನು ಕಲೆ ನೋಡುವುದರ ಜೊತೆ ಸೇರಿಸಬಾರದು ಎನ್ನುವವರಿದ್ದಾರೆ. ದೇವರನ್ನು ಕಾಣುವ ಭಕ್ತ ಶಿಲ್ಪಿಯ ಕೈಚಳಕವನ್ನು ತೂಗುತ್ತಿರುವುದಿಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಭಕ್ತಿ ಕಣ್ಣನ್ನು ಮುಚ್ಚಿಸುವುದಿಲ್ಲ. ಕೆಜಿಎಫ್ ಬಳಿಯ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಬರುವವರನ್ನು ನೋಡಿ. 108 ಅಡಿಯ ಲಿಂಗಕ್ಕೆ ಕೈಮುಗಿದವರೇ ಮರುಗಳಿಗೆ ಅದರ ಎತ್ತರವನ್ನು ಹೋಲಿಸಿ ಮಾತಾಡುತ್ತಾರೆ, ಸಣ್ಣಸಣ್ಣ ಲಿಂಗಗಳ ಸಾಲಿನಲ್ಲಿ ತಮ್ಮ ಮನೆಯವರು ಪ್ರತಿಷ್ಠಾಪಿಸಿದ್ದನ್ನು ಹುಡುಕುತ್ತಾರೆ. ನಮ್ಮ ಜನರ ನೋಟದಲ್ಲಿ ಪೂಜೆ, ಮೆಚ್ಚುಗೆ, ವಿಮರ್ಶೆ ಒಟ್ಟಿಗೇ ಇರುತ್ತವೆ. ಅವನ್ನು ಬಿಡಿಸಿ ಒಂದನ್ನು ಮಾತ್ರ ಕಲಾಸ್ವಾದ ಎನ್ನುವುದು ಮ್ಯೂಸಿಯಂ ಕಟ್ಟಿದವರ ಅನುಕೂಲಕ್ಕೆ ಹುಟ್ಟಿದ ವಿಂಗಡಣೆ. ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಕೆಲಸ ಹೋದ ಊರು ಅದು. ಸಾವಿರಾರು ಜನ ದಿನಾ ಬೆಳಗ್ಗೆ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಲೈನ್ ಮನೆಗಳ ಸಮಸ್ಯೆ, ಕುಡಿಯುವ ನೀರು, ದೂಳು, ಇವೆಲ್ಲ ಇರುವಾಗ ಗೋಡೆಯ ಚಿತ್ರದ ಮಾತೇಕೆ? ಚಿತ್ರ ಬರೆಸಿದರೆ ಕೆಲಸ ಹುಟ್ಟುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಗೋಡೆಗೆ ಬಣ್ಣ ಹೇಗೂ ಬೀಳುತ್ತದೆ. ನಿಲ್ದಾಣಗಳ ಗೋಡೆಯ ಮೇಲೆ ಊರಿನ ಚಿತ್ರ ಬರೆಸುವುದು ದೇಶದೆಲ್ಲೆಡೆ ರೂಢಿಯಾಗಿದೆ, ಅಮೃತ ಭಾರತ ಯೋಜನೆಯಲ್ಲಿ ಅಭಿವೃದ್ಧಿಪಡಿಸುವ ನಿಲ್ದಾಣಗಳ ಪಟ್ಟಿಯಲ್ಲಿ ಬಂಗಾರಪೇಟೆಯೂ ಇದೆ. ಖರ್ಚಾಗುವ ಹಣ ಅಷ್ಟೇ. ಗುದ್ದಲಿ ಹಿಡಿದ ನಾಲ್ಕು ಆಕೃತಿ, ಒಂದು ಹೊಳೆಯುವ ಚಿನ್ನದ ಗಟ್ಟಿ, ಹಿಂದೆ ಶಾಫ್ಟ್ ಬರೆದರೂ ಅಷ್ಟೇ ಹಣ, ಯೋಚಿಸಿ ಬರೆಸಿದರೂ ಅಷ್ಟೇ ಹಣ. ಅದೂ ಅಲ್ಲದೆ, ಒಂದು ಜನಸಮುದಾಯವನ್ನು ಕೈಚಾಚಿ ಕಾಯುವವರೆಂದು ಮತ್ತೆ ಮತ್ತೆ ಬರೆದರೆ, ಅವರ ಬೇಡಿಕೆಯನ್ನು ಹಕ್ಕಾಗಿ ಕೇಳುವ ಕಿವಿಯೂ ಮಂದವಾಗುತ್ತದೆ. ಪರಿಹಾರದ ಅರ್ಜಿ ಹಿಡಿದು ಕಚೇರಿಗೆ ಹೋದವನನ್ನು ಅಧಿಕಾರಿ ಯಾವ ದೃಷ್ಟಿಯಿಂದ ನೋಡುತ್ತಾನೆ ಎಂಬುದಕ್ಕೂ ಊರಿನ ಗೋಡೆಯ ಮೇಲೆ ಅವನನ್ನು ಹೇಗೆ ಬರೆದಿದೆ ಎಂಬುದಕ್ಕೂ ಸಂಬಂಧವೇ ಇಲ್ಲ ಎಂದು ನನಗೆ ಅನಿಸುವುದಿಲ್ಲ.

ಹಾಗಾಗಿ ಬಂಗಾರಪೇಟೆ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳ ಗೋಡೆಯಲ್ಲಾಗಲಿ, ಮುಂದೆ ಎಂದಾದರೂ ಎದ್ದು ನಿಲ್ಲುವ ಗಣಿ ಸಂಗ್ರಹಾಲಯದಲ್ಲಾಗಲಿ ಬರೆಯುವ ಚಿತ್ರಗಳಲ್ಲಿ ಗಣಿಯವರನ್ನು ನೋಡುಗರಾಗಿ ಬರೆಯಬೇಕು. ‘ತಮಿಳನ್’ ಪತ್ರಿಕೆಯ ಸುತ್ತ ಕೂತವರು, ಹೊಸ ಪಟವನ್ನು ಎತ್ತಿ ಹಿಡಿದ ಮನೆಮಂದಿ, ಬಂಡೆಯ ಪದರವನ್ನು ದೀಪ ಹಿಡಿದು ಪರೀಕ್ಷಿಸುವವನು, ತನ್ನದೇ ಗಣಿಯ ಫೋಟೊ ಮುಂದೆ ನಿಂತ ಮುದುಕ, ಪಕ್ಕದಲ್ಲಿ ಮೊಬೈಲ್ ಹಿಡಿದ ಮೊಮ್ಮಗಳು. ಬರೆಯುವ ಮೊದಲು ಕರಡು ಚಿತ್ರಗಳನ್ನು ಒಂದು ತಿಂಗಳು ರಾಬರ್ಟ್‌ಸನ್‌ಪೇಟೆಯಲ್ಲಿ, ಆಂಡರ್ಸನ್‌ಪೇಟೆಯಲ್ಲಿ, ಬಂಗಾರಪೇಟೆಯಲ್ಲಿ ತೂಗುಹಾಕಿ, ಜನ ತಮಿಳಿನಲ್ಲೋ ತೆಲುಗಿನಲ್ಲೋ ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿದ ತಿದ್ದುಪಡಿಯನ್ನು ಬರೆದುಕೊಂಡು, ಅದರಂತೆ ತಿದ್ದಬೇಕೆಂಬ ಷರತ್ತನ್ನು ಗುತ್ತಿಗೆಯ ಕಾಗದದಲ್ಲೇ ಸೇರಿಸಬೇಕು. ಇದರಿಂದ ಕೆಲಸ ತಡವಾಗುತ್ತದೆ, ಜನ ಒಮ್ಮತಕ್ಕೆ ಬರುವುದಿಲ್ಲ ಎಂದು ಅಧಿಕಾರಿಗಳು ಹೇಳಬಹುದು. ಒಮ್ಮತ ಬೇಕಾಗಿಲ್ಲ. ಶಾಫ್ಟ್‌ನ ಚಕ್ರ ಎಷ್ಟು ದೊಡ್ಡದಿತ್ತು, ಹೆಲ್ಮೆಟ್ಟಿನ ದೀಪ ಯಾವ ಬದಿಗಿತ್ತು, ಮುಷ್ಕರದ ದಿನ ಯಾರು ಮುಂದೆ ನಿಂತಿದ್ದರು ಎಂದು ಜಗಳವಾದರೆ ಆ ಜಗಳವೂ ದಾಖಲಾಗಲಿ. ಒಳಗಿಳಿದು ಕೆಲಸ ಮಾಡಿದವರಲ್ಲಿ ಅನೇಕರಿಗೆ ಈಗ ಎಪ್ಪತ್ತು ದಾಟಿದೆ, ಸಿಲಿಕೋಸಿಸ್ ಹಲವರನ್ನು ಅದಕ್ಕೆ ಮೊದಲೇ ಒಯ್ದಿದೆ. ತಡ ಎಂಬ ಮಾತನ್ನು ಹೇಳುವುದಾದರೆ ಅದನ್ನು ಹೇಳಬೇಕಾದವರು ಅವರು.